ಕ್ಲೀವ್‌ಲ್ಯಾಂಡ್ ಬಿಟ್ಟುಕೊಡದ ಹೆಸರು

1995ರ ನವೆಂಬರ್ 6, ಸೋಮವಾರ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಮೇರಿಲ್ಯಾಂಡ್ ರಾಜ್ಯದ ಗವರ್ನರ್ ಪ್ಯಾರಿಸ್ ಗ್ಲೆಂಡೆನಿಂಗ್ ಅವರ ಪಕ್ಕದಲ್ಲಿ ನಿಂತು ಆರ್ಟ್ ಮೊಡೆಲ್ ಒಂದು ಘೋಷಣೆ ಮಾಡಿದರು. ತಮ್ಮ ಒಡೆತನದ ಫುಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮುಂದಿನ ವರ್ಷದಿಂದ ಬಾಲ್ಟಿಮೋರಿನಲ್ಲಿ ಆಡಲಿದೆ ಎಂದರು. ಒಪ್ಪಂದಕ್ಕೆ ಹತ್ತು ದಿನ ಮೊದಲೇ ಗುಟ್ಟಾಗಿ ಸಹಿ ಬಿದ್ದಿತ್ತು. ಮಾರನೆಯ ದಿನವೇ ಕ್ಲೀವ್‌ಲ್ಯಾಂಡ್ ಇರುವ ಕಯಾಹೋಗ ಕೌಂಟಿಯಲ್ಲಿ ಮತದಾನ. ಮದ್ಯ, ಸಿಗರೇಟುಗಳ ಮೇಲಿನ ತೆರಿಗೆಯನ್ನು ಮುಂದುವರಿಸಿ, ಆ ಹಣದಿಂದ ಬ್ರೌನ್ಸ್ ಆಡುತ್ತಿದ್ದ ಹಳೆಯ ಕ್ರೀಡಾಂಗಣವನ್ನು ಸುಮಾರು 17.5 ಕೋಟಿ ಡಾಲರ್ ವೆಚ್ಚದಲ್ಲಿ ನವೀಕರಿಸಬೇಕೇ ಎಂದು ಜನರನ್ನು ಕೇಳಲಾಗಿತ್ತು. ತಂಡ ಕೈತಪ್ಪಿದೆ ಎಂದು ಬೆಳಗಿನ ಪತ್ರಿಕೆಯಲ್ಲಿ ಓದಿಕೊಂಡೇ ಮತಗಟ್ಟೆಗೆ ಹೋದವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ‘ಆಗಲಿ’ ಎಂದರು. ಇದನ್ನು ಅಭಿಮಾನಿಗಳ ಹುಚ್ಚು ಎಂದು ತಳ್ಳಿಹಾಕಿದವರು ಆಗಲೂ ಇದ್ದರು. ನನಗೆ ಅದು ಒಂದು ಹಕ್ಕಿನ ಸಾಧನೆಯಾಗಿಯೇ ಕಾಣುತ್ತದೆ. ಒಂದು ತಂಡದ ಆಟಗಾರರ ಕರಾರುಗಳು, ಟಿಕೆಟಿನ ಹಣ, ಲೀಗಿನ ಸದಸ್ಯತ್ವ ಇವೆಲ್ಲ ಮಾಲೀಕನ ಸೊತ್ತು ನಿಜ. ಆದರೆ ಆ ತಂಡದ ಹೆಸರು, ಬಣ್ಣ, ಗೆದ್ದ ಸೋತ ಲೆಕ್ಕ, ನೆರೆಯ ಊರಿನೊಂದಿಗೆ ಬೆಳೆದುಬಂದ ಹಗೆತನ ಊರಿನ ಸೊತ್ತು. ಕ್ಲೀವ್‌ಲ್ಯಾಂಡಿನ ಜನ ಆ ಚಳಿಗಾಲದಲ್ಲಿ ಈ ಮಾತನ್ನು ಬರೀ ಹೇಳಲಿಲ್ಲ, ಕಾಗದದ ಮೇಲೆ ಬರೆಸಿಕೊಂಡರು. ಅಮೆರಿಕದ ಫುಟ್‌ಬಾಲ್ ಚರಿತ್ರೆಯಲ್ಲಿ ಅದಕ್ಕೆ ಮೊದಲು ಅಂಥದು ನಡೆದಿರಲಿಲ್ಲ.

ಕ್ಲೀವ್‌ಲ್ಯಾಂಡಿಗೆ ತಂಡ ಕಳೆದುಕೊಳ್ಳುವ ನೋವು ಹೊಸದೇನಲ್ಲ. 1945ರ ಡಿಸೆಂಬರಿನಲ್ಲಿ ಆ ಊರಿನ ರ‍್ಯಾಮ್ಸ್ ತಂಡ ವಾಷಿಂಗ್ಟನ್ ತಂಡವನ್ನು 15–14ರಿಂದ ಸೋಲಿಸಿ ರಾಷ್ಟ್ರೀಯ ಫುಟ್‌ಬಾಲ್ ಲೀಗಿನ, ಅಂದರೆ ಎನ್‌ಎಫ್‌ಎಲ್‌ನ ಚಾಂಪಿಯನ್ ಆಯಿತು. ಗೆದ್ದ ಸಂಭ್ರಮ ಮುಗಿಯುವ ಮೊದಲೇ, ಮುಂದಿನ ಜನವರಿಯಲ್ಲಿ, ಅದರ ಮಾಲೀಕರು ತಂಡವನ್ನು ಲಾಸ್ ಏಂಜಲಿಸ್‌ಗೆ ಒಯ್ದರು. ತೆರವಾದ ಜಾಗಕ್ಕೆ 1946ರಲ್ಲಿ ಬಂದದ್ದು ಹೊಸ ಲೀಗೊಂದರ ಹೊಸ ತಂಡ. ಟ್ಯಾಕ್ಸಿ ಕಂಪನಿಯ ಒಡೆಯ ಮಿಕ್ಕಿ ಮೆಕ್‌ಬ್ರೈಡ್ ಅದರ ಮಾಲೀಕ, ಓಹಯೋ ರಾಜ್ಯದ ಮನೆಮಾತಾಗಿದ್ದ ಪಾಲ್ ಬ್ರೌನ್ ಕೋಚ್. ಕೋಚ್‌ನ ಹೆಸರೇ ತಂಡದ ಹೆಸರಾಯಿತು. ಆ ಹೊಸ ಲೀಗ್ ಬದುಕಿದ ನಾಲ್ಕು ವರ್ಷವೂ ಬ್ರೌನ್ಸ್ ತಂಡದ್ದೇ ಪಟ್ಟ. 1950ರಲ್ಲಿ ಎನ್‌ಎಫ್‌ಎಲ್‌ಗೆ ಸೇರಿದಾಗ ಇವರ ಗೆಲುವೆಲ್ಲ ಬಡ ಲೀಗಿನ ಗೆಲುವು ಎಂದವರ ಬಾಯಿಗೆ ಮೊದಲ ಪಂದ್ಯದಲ್ಲೇ ಬೀಗ ಬಿತ್ತು. ಹಿಂದಿನ ಎರಡು ವರ್ಷದ ಚಾಂಪಿಯನ್ ಫಿಲಡೆಲ್ಫಿಯಾ ಈಗಲ್ಸ್ ತಂಡವನ್ನು ಅದರ ಊರಿನಲ್ಲೇ 35–10ರಿಂದ ಬಡಿದು ಬಂದರು. ಆ ವರ್ಷದ ಫೈನಲ್ ಪಂದ್ಯ ಕ್ರಿಸ್‌ಮಸ್ ಹಿಂದಿನ ದಿನ ಕ್ಲೀವ್‌ಲ್ಯಾಂಡಿನಲ್ಲೇ ನಡೆಯಿತು. ಎದುರಾಳಿ ಬೇರೆ ಯಾರೂ ಅಲ್ಲ, ಊರು ಬಿಟ್ಟುಹೋದ ಅದೇ ರ‍್ಯಾಮ್ಸ್. ಕೊನೆಗೆ 28 ಸೆಕೆಂಡು ಉಳಿದಿದ್ದಾಗ ಲೂ ಗ್ರೋಜಾ ಒದ್ದ ಚೆಂಡು ಕಂಬಗಳ ನಡುವೆ ಹಾದು, ಬ್ರೌನ್ಸ್ 30–28ರಿಂದ ಗೆದ್ದಿತು. ಹಾಗೆ ತಂಡ ಊರಿನದಾಯಿತು.

ಗೆಲುವಿನಿಂದ ಮಾತ್ರ ಹಾಗಾಯಿತು ಎನ್ನಲಾರೆ. 1946ರಲ್ಲೇ ಪಾಲ್ ಬ್ರೌನ್ ಮರಿಯನ್ ಮೋಟ್ಲಿ ಮತ್ತು ಬಿಲ್ ವಿಲ್ಲಿಸ್ ಎಂಬ ಇಬ್ಬರು ಕಪ್ಪು ಆಟಗಾರರನ್ನು ತಂಡಕ್ಕೆ ತೆಗೆದುಕೊಂಡಿದ್ದರು. ಬೇಸ್‌ಬಾಲಿನಲ್ಲಿ ಜಾಕಿ ರಾಬಿನ್ಸನ್ ವರ್ಣಭೇದದ ಗೋಡೆ ಒಡೆದದ್ದು ಮರುವರ್ಷ. ದಕ್ಷಿಣದ ಹೊಲಗದ್ದೆ ಬಿಟ್ಟು ಉಕ್ಕಿನ ಕುಲುಮೆಗಳಲ್ಲಿ, ಕಾರಿನ ಬಿಡಿಭಾಗದ ಕಾರ್ಖಾನೆಗಳಲ್ಲಿ ಕೆಲಸ ಹುಡುಕಿ ಬಂದ ಕಪ್ಪು ಕುಟುಂಬಗಳೂ, ಪೋಲೆಂಡ್, ಹಂಗೇರಿ, ಸ್ಲೊವೇನಿಯಾಗಳಿಂದ ಬಂದವರ ಮಕ್ಕಳೂ ಬೇರೆ ಬೇರೆ ಕೇರಿಗಳಲ್ಲಿ ಬದುಕುತ್ತಿದ್ದ ಊರು ಅದು. ಭಾನುವಾರ ಮಧ್ಯಾಹ್ನ ಈರಿ ಸರೋವರದ ದಂಡೆಯ ಆ ದೊಡ್ಡ ಕ್ರೀಡಾಂಗಣದಲ್ಲಿ ಎಂಬತ್ತು ಸಾವಿರ ಜನಕ್ಕೆ ಜಾಗವಿತ್ತು, ಸರೋವರದ ಚಳಿಗಾಳಿ ಎಲ್ಲರ ಮೇಲೂ ಒಂದೇ ಸಮನೆ ಬೀಸುತ್ತಿತ್ತು. 1957ರಿಂದ 1965ರ ತನಕ ಜಿಮ್ ಬ್ರೌನ್ ಅಲ್ಲಿ ಓಡಿದ. ಒಂಬತ್ತು ವರ್ಷದಲ್ಲಿ ಎಂಟು ವರ್ಷ ಇಡೀ ಲೀಗಿನಲ್ಲಿ ಚೆಂಡು ಹಿಡಿದು ಅತಿ ಹೆಚ್ಚು ಗಜ ಓಡಿದವನು ಅವನೇ. ಒಟ್ಟು 12,312 ಗಜ. 1964ರ ಡಿಸೆಂಬರಿನಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನು 27–0ರಿಂದ ಸೋಲಿಸಿ ಬ್ರೌನ್ಸ್ ಮತ್ತೆ ಚಾಂಪಿಯನ್ ಆಯಿತು. ಇಲ್ಲಿಯವರೆಗೆ ಅದೇ ಕೊನೆಯ ಪಟ್ಟ. ಗೆದ್ದದ್ದರಿಂದಲೇ ಅಭಿಮಾನ ಎನ್ನುವುದಾದರೆ ಆಮೇಲಿನ ಅರುವತ್ತು ವರ್ಷಗಳ ಅಭಿಮಾನಕ್ಕೆ ವಿವರಣೆಯೇ ಸಿಗದು.

ಆ ವಿವರಣೆಯನ್ನು ಹಗೆತನದಲ್ಲಿ ಹುಡುಕಬೇಕು. ಕ್ಲೀವ್‌ಲ್ಯಾಂಡಿನಿಂದ ಪಿಟ್ಸ್‌ಬರ್ಗ್ ಇನ್ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರ. ಅದೂ ಉಕ್ಕಿನ ಊರು, ಅಲ್ಲಿಯ ತಂಡದ ಹೆಸರೇ ಸ್ಟೀಲರ್ಸ್. 1950ರಿಂದ ವರ್ಷಕ್ಕೆ ಎರಡು ಸಲ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ, ಎರಡೂ ತಂಡಗಳು ಎದುರಾಗುತ್ತಿದ್ದವು. ಮೊದಲ ಎರಡು ದಶಕ ಕ್ಲೀವ್‌ಲ್ಯಾಂಡಿನದು ಮೇಲುಗೈ. 1970ರ ದಶಕದಲ್ಲಿ ಕಾಲ ತಿರುಗಿತು. ಸ್ಟೀಲರ್ಸ್ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಆರು ವರ್ಷದಲ್ಲಿ ನಾಲ್ಕು ಸಲ ಗೆದ್ದರೆ, ಬ್ರೌನ್ಸ್ ಪಿಟ್ಸ್‌ಬರ್ಗಿನ ತ್ರೀ ರಿವರ್ಸ್ ಕ್ರೀಡಾಂಗಣದಲ್ಲಿ ಒಂದರ ಹಿಂದೆ ಒಂದರಂತೆ ಹದಿನಾರು ಪಂದ್ಯ ಸೋತಿತು. ಹದಿನೇಳನೆಯ ಪ್ರಯತ್ನದಲ್ಲಿ, 1986ರ ಅಕ್ಟೋಬರಿನಲ್ಲಿ, 27–24ರಿಂದ ಗೆದ್ದಾಗ ಕ್ಲೀವ್‌ಲ್ಯಾಂಡಿನಲ್ಲಿ ಹಬ್ಬ. ಈ ಹಗೆತನ ತಾನಾಗಿ ಉಳಿದದ್ದಲ್ಲ, ಉಳಿಸಿಕೊಂಡದ್ದು. 1970ರಲ್ಲಿ ಎನ್‌ಎಫ್‌ಎಲ್ ಮತ್ತು ಅದರ ಪ್ರತಿಸ್ಪರ್ಧಿ ಲೀಗ್ ಒಂದಾದಾಗ ಹಳೆಯ ಎನ್‌ಎಫ್‌ಎಲ್‌ನ ಮೂರು ತಂಡಗಳು ಹೊಸ ಅಮೆರಿಕನ್ ವಿಭಾಗಕ್ಕೆ ಹೋಗಬೇಕಾಯಿತು. ಹೋದವರಿಗೆ ತಲಾ 30 ಲಕ್ಷ ಡಾಲರ್ ಪರಿಹಾರವಿತ್ತು. ಪಿಟ್ಸ್‌ಬರ್ಗಿನ ಮಾಲೀಕ ಆರ್ಟ್ ರೂನಿಗೆ ಮನಸ್ಸಿರಲಿಲ್ಲ. ಕ್ಲೀವ್‌ಲ್ಯಾಂಡ್ ಜೊತೆಗೆ ಬರುತ್ತದೆ, ಎರಡೂ ಒಂದೇ ಗುಂಪಿನಲ್ಲಿ ಆಡುತ್ತವೆ ಎಂದಾದ ಮೇಲೆಯೇ ಒಪ್ಪಿದ್ದು. ಆಗ ಕ್ಲೀವ್‌ಲ್ಯಾಂಡಿನ ಪರವಾಗಿ ಮಾತಾಡಿ ಕೈಜೋಡಿಸಿದ್ದವರು ಇದೇ ಆರ್ಟ್ ಮೊಡೆಲ್. ನೆರೆಹೊರೆಯ ವೈರಕ್ಕೆ ಎಷ್ಟು ಬೆಲೆ ಇದೆ ಎಂದು ಅವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಮೊಡೆಲ್ 1961ರಲ್ಲಿ ಸುಮಾರು 40 ಲಕ್ಷ ಡಾಲರಿಗೆ ತಂಡವನ್ನು ಕೊಂಡವರು. ಎರಡು ವರ್ಷ ತುಂಬುವುದರೊಳಗೆ ಪಾಲ್ ಬ್ರೌನ್‌ರನ್ನೇ ಕೆಲಸದಿಂದ ತೆಗೆದರು. ಬ್ರೌನ್ ಸುಮ್ಮನೆ ಕೂರಲಿಲ್ಲ. 1968ರಲ್ಲಿ ಅದೇ ರಾಜ್ಯದ ಸಿನ್ಸಿನಾಟಿಯಲ್ಲಿ ಬೆಂಗಾಲ್ಸ್ ತಂಡ ಕಟ್ಟಿ, ಅದಕ್ಕೂ ಕಿತ್ತಳೆ ಬಣ್ಣವನ್ನೇ ತೊಡಿಸಿದರು. ಹೀಗೆ ತನ್ನ ಹೆಸರು ಹೊತ್ತ ತಂಡದ ಎದುರು ತಾನೇ ಕಟ್ಟಿದ ಇನ್ನೊಂದು ತಂಡವನ್ನು ನಿಲ್ಲಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹೆಸರಿನ ಮೂಲಪುರುಷನೇ ಎದುರು ಪಾಳೆಯಕ್ಕೆ ಹೋದಾಗಲೂ ಕ್ಲೀವ್‌ಲ್ಯಾಂಡಿನ ಜನ ಬ್ರೌನ್ಸ್ ಎಂಬ ಹೆಸರನ್ನು ಬಿಡಲಿಲ್ಲ, ಅವನ ಹಿಂದೆಯೂ ಹೋಗಲಿಲ್ಲ. ಅಷ್ಟು ಹೊತ್ತಿಗೆ ಆ ಹೆಸರು ಪಾಲ್ ಬ್ರೌನ್ ಎಂಬ ಮನುಷ್ಯನಿಂದ ಬಿಡಿಸಿಕೊಂಡು ಊರಿನದಾಗಿತ್ತು. ಕಟ್ಟಿದವನಿಂದಲೇ ಬಿಡಿಸಿಕೊಂಡ ಹೆಸರನ್ನು ಕೊಂಡವನು ಹೊತ್ತುಕೊಂಡು ಹೋಗಬಹುದೇ?

ಮೊಡೆಲ್ ಪರವಾಗಿ ಹೇಳಬೇಕಾದದ್ದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. 1931ರಲ್ಲಿ ತೆರೆದ ಮುನಿಸಿಪಲ್ ಕ್ರೀಡಾಂಗಣ ಹಾಳುಬೀಳುತ್ತಿದ್ದಾಗ 1970ರ ದಶಕದಲ್ಲಿ ಅದನ್ನು ನಗರದಿಂದ ಗುತ್ತಿಗೆಗೆ ಪಡೆದು, ದುರಸ್ತಿಯ ಭಾರ ಹೊತ್ತವರು ಅವರೇ. ನಗರದ ಬೊಕ್ಕಸ ಬರಿದಾಗಿತ್ತು. 1978ರ ಡಿಸೆಂಬರಿನಲ್ಲಿ ಕ್ಲೀವ್‌ಲ್ಯಾಂಡ್ ಸಾಲ ತೀರಿಸಲಾಗದೆ ಕೈಚೆಲ್ಲಿತು. ಮಹಾಕುಸಿತದ ಕಾಲದ ನಂತರ ಅಮೆರಿಕದ ದೊಡ್ಡ ನಗರವೊಂದಕ್ಕೆ ಆ ಗತಿ ಬಂದದ್ದು ಅದೇ ಮೊದಲು. ಬೇಸ್‌ಬಾಲ್ ತಂಡ ಇಂಡಿಯನ್ಸ್ ಮೊಡೆಲ್‌ಗೆ ಬಾಡಿಗೆ ಕೊಟ್ಟು ಅಲ್ಲೇ ಆಡುತ್ತಿತ್ತು. 1994ರಲ್ಲಿ ನಗರ, ಕೌಂಟಿ ಸೇರಿ ಬೇಸ್‌ಬಾಲಿಗೂ ಬಾಸ್ಕೆಟ್‌ಬಾಲಿಗೂ ಹೊಸ ಅಂಗಣ ಕಟ್ಟಿಸಿಕೊಟ್ಟವು. ಇಂಡಿಯನ್ಸ್ ಹೊರಟಿತು, ಬಾಡಿಗೆ ನಿಂತಿತು, ಮೊಡೆಲ್‌ರ ಸಾಲ ಏರಿತು. ಬಾಲ್ಟಿಮೋರ್ ಸುಮಾರು 20 ಕೋಟಿ ಡಾಲರಿನ ಹೊಸ ಕ್ರೀಡಾಂಗಣವನ್ನು ಬಾಡಿಗೆ ಇಲ್ಲದೆ ಕೊಡುತ್ತೇನೆಂದಿತು. ವ್ಯಾಪಾರಿಯೊಬ್ಬ ಇಂಥ ಕರೆಯನ್ನು ಒಪ್ಪಿದರೆ ತಪ್ಪೇನು ಎಂದು ಕೇಳುವವರಿಗೆ ನನ್ನ ಉತ್ತರ: ವ್ಯಾಪಾರ ಬೇರೆಡೆಗೆ ಹೋಗಲಿ, ಅದನ್ನು ತಡೆಯಬೇಕೆಂದು ನಾನು ವಾದಿಸುತ್ತಿಲ್ಲ. 1982ರಲ್ಲಿ ಆಲ್ ಡೇವಿಸ್ ನ್ಯಾಯಾಲಯದಲ್ಲಿ ಗೆದ್ದು ತಮ್ಮ ರೇಡರ್ಸ್ ತಂಡವನ್ನು ಓಕ್ಲೆಂಡಿನಿಂದ ಲಾಸ್ ಏಂಜಲಿಸ್‌ಗೆ ಒಯ್ದ ಮೇಲೆ ಲೀಗಿಗೂ ಮಾಲೀಕರನ್ನು ಹಿಡಿದಿಡುವ ಧೈರ್ಯ ಉಳಿದಿರಲಿಲ್ಲ. ಪ್ರಶ್ನೆ ಇರುವುದು ವ್ಯಾಪಾರಿ ಹೊರಡುವಾಗ ಗಾಡಿಗೆ ಏನೇನು ಹೇರಿಕೊಳ್ಳಬಹುದು ಎಂಬುದರಲ್ಲಿ.

ಗಾಡಿಯ ಮಾತು ಬಂದಾಗ ಬಾಲ್ಟಿಮೋರಿನ ಕಥೆ ಹೇಳಲೇಬೇಕು. ಅಮೆರಿಕದಲ್ಲಿ ಕ್ಲೀವ್‌ಲ್ಯಾಂಡಿನ ನೋವು ಚೆನ್ನಾಗಿ ಗೊತ್ತಿದ್ದ ಊರು ಯಾವುದಾದರೂ ಇದ್ದರೆ ಅದು ಬಾಲ್ಟಿಮೋರ್. ಅದರ ಕೋಲ್ಟ್ಸ್ ತಂಡ 1958ರಲ್ಲಿ ನ್ಯೂಯಾರ್ಕಿನ ಜಯಂಟ್ಸ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 23–17ರಿಂದ ಸೋಲಿಸಿದ ಪಂದ್ಯದಿಂದಲೇ ಟಿವಿಯಲ್ಲಿ ಫುಟ್‌ಬಾಲ್ ನೋಡುವ ಗೀಳು ದೇಶಕ್ಕೆ ಹತ್ತಿತು ಎನ್ನುತ್ತಾರೆ. 1984ರಲ್ಲಿ ಮೇರಿಲ್ಯಾಂಡ್ ಶಾಸನಸಭೆ ತಂಡವನ್ನೇ ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ಕಾನೂನು ಮಾಡಲು ಹೊರಟಾಗ ಮಾಲೀಕ ರಾಬರ್ಟ್ ಇರ್ಸೇ ಮಾರ್ಚ್ 28ರ ರಾತ್ರಿ ಸಾಮಾನು ಸಾಗಿಸುವ ಮೇಫ್ಲವರ್ ಕಂಪನಿಯ ಲಾರಿಗಳನ್ನು ತರಿಸಿ, ಹೆಲ್ಮೆಟ್ಟು, ಅಂಗಿ, ಕಡತ ಸಮೇತ ಎಲ್ಲವನ್ನೂ ತುಂಬಿಸಿ ಬೆಳಗಾಗುವುದರೊಳಗೆ ಇಂಡಿಯಾನಾಪೊಲಿಸ್ ದಾರಿ ಹಿಡಿಸಿದರು. ಹೆಸರೂ ಹೋಯಿತು, ಕುದುರೆ ಲಾಳದ ಲಾಂಛನವೂ ಹೋಯಿತು. ಉಳಿದದ್ದು ತಂಡದ ವಾದ್ಯಮೇಳ. ಅದರ ಸದಸ್ಯರು ಚದುರಲಿಲ್ಲ. ತಂಡವೇ ಇಲ್ಲದ ಊರಿನಲ್ಲಿ ಹನ್ನೆರಡು ವರ್ಷ ಕೋಲ್ಟ್ಸ್ ವಾದ್ಯಮೇಳ ಎಂದೇ ಕರೆದುಕೊಂಡು ಮೆರವಣಿಗೆಗಳಲ್ಲಿ, ಬೇರೆ ಊರಿನ ಪಂದ್ಯಗಳ ಬಿಡುವಿನಲ್ಲಿ ನುಡಿಸುತ್ತ ಬಂದರು. ಆ ತಂಡದ ಮಹಾನ್ ಆಟಗಾರ ಜಾನಿ ಯುನೈಟಸ್ ಇಂಡಿಯಾನಾಪೊಲಿಸ್ ತಂಡದೊಂದಿಗೆ ತನಗೆ ಯಾವ ಸಂಬಂಧವೂ ಇಲ್ಲ ಎಂದು ಕೊನೆಯ ತನಕ ಹೇಳುತ್ತ ಬಂದ. ಆದರೂ ಅವನ ದಾಖಲೆಗಳು ಇಂದಿಗೂ ಇಂಡಿಯಾನಾಪೊಲಿಸ್ ತಂಡದ ಪುಸ್ತಕದಲ್ಲೇ ಇವೆ. 1994ರಲ್ಲಿ ಕೆನಡಾ ಲೀಗಿನ ತಂಡವೊಂದು ಬಾಲ್ಟಿಮೋರಿಗೆ ಬಂದು ಕೋಲ್ಟ್ಸ್ ಹೆಸರು ಇಟ್ಟುಕೊಳ್ಳಲು ಹೋದಾಗ ಎನ್‌ಎಫ್‌ಎಲ್ ನ್ಯಾಯಾಲಯದಿಂದ ತಡೆ ತಂದಿತು. ಇಷ್ಟೆಲ್ಲ ಅನುಭವಿಸಿದ ಊರಿಗೆ ಇನ್ನೊಂದು ತಂಡ ಸಿಗಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಿಗಬೇಕಿತ್ತು. ಆದರೆ ಬಾಲ್ಟಿಮೋರ್ ಹನ್ನೆರಡು ವರ್ಷ ಕೊರಗಿದ್ದು ಫುಟ್‌ಬಾಲ್ ಇಲ್ಲವೆಂದಲ್ಲ, ಕೋಲ್ಟ್ಸ್ ಇಲ್ಲವೆಂದು. ಅದೇ ಕೊರಗನ್ನು ಇನ್ನೊಂದು ಊರಿಗೆ ದಾಟಿಸಿ ಪಡೆದ ಬ್ರೌನ್ಸ್ ಅಲ್ಲಿ ಯಾರ ಗಾಯವನ್ನೂ ಮಾಯಿಸುತ್ತಿರಲಿಲ್ಲ.

ಮೊಡೆಲ್ ಘೋಷಣೆಯಾಗಿ ಒಂದು ವಾರಕ್ಕೆ, ನವೆಂಬರ್ 13ರ ಸೋಮವಾರ ರಾತ್ರಿ, ಬ್ರೌನ್ಸ್ ಪಿಟ್ಸ್‌ಬರ್ಗಿನಲ್ಲಿ ಆಡಬೇಕಿತ್ತು. ಸ್ಟೀಲರ್ಸ್ 20–3ರಿಂದ ಗೆದ್ದಿತು. ಅಂದು ಜನ ನೆನಪಿಟ್ಟುಕೊಂಡದ್ದು ಅಂಕಗಳನ್ನಲ್ಲ. ನಾಲ್ಕೂವರೆ ದಶಕ ಕ್ಲೀವ್‌ಲ್ಯಾಂಡಿನವರನ್ನು ಬೈದುಕೊಂಡೇ ಬಂದಿದ್ದ ಪಿಟ್ಸ್‌ಬರ್ಗಿನ ಅಭಿಮಾನಿಗಳು ಬ್ರೌನ್ಸ್‌ನ ಕಿತ್ತಳೆ ಬಣ್ಣದ ಪಟ್ಟಿ ತೋಳಿಗೆ ಕಟ್ಟಿಕೊಂಡು ಬಂದಿದ್ದರು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ವೈರಕ್ಕೆ ಇಬ್ಬರು ಬೇಕು. ಕ್ಲೀವ್‌ಲ್ಯಾಂಡಿನ ತಂಡವನ್ನು ಕಿತ್ತುಕೊಂಡರೆ ಪಿಟ್ಸ್‌ಬರ್ಗಿನವರೂ ಏನನ್ನೋ ಕಳೆದುಕೊಳ್ಳುತ್ತಾರೆ, ಅದಕ್ಕೆ ಮೊಡೆಲ್ ಅವರನ್ನು ಕೇಳಿರಲಿಲ್ಲ. 1996ರ ಫೆಬ್ರವರಿಯಲ್ಲಿ ಲೀಗಿನ ಮೂವತ್ತು ಮಾಲೀಕರು ಈ ಸ್ಥಳಾಂತರದ ಬಗ್ಗೆ ಮತ ಹಾಕಿದಾಗ 25 ಮಂದಿ ಒಪ್ಪಿದರು, ಮೂವರು ತಟಸ್ಥರಾದರು. ‘ಕೂಡದು’ ಎಂದವರು ಇಬ್ಬರೇ: ಬಫಲೋ ತಂಡದ ರಾಲ್ಫ್ ವಿಲ್ಸನ್ ಮತ್ತು ಪಿಟ್ಸ್‌ಬರ್ಗಿನ ಡ್ಯಾನ್ ರೂನಿ. ತಂದೆ ಆರ್ಟ್ ರೂನಿ 1970ರಲ್ಲಿ ಜೊತೆಗೂಡಿಸಿಕೊಂಡು ಹೋದ ಎದುರಾಳಿಯನ್ನು ಮಗ ಕೈಬಿಡಲಿಲ್ಲ.

1995ರ ಡಿಸೆಂಬರ್ 17ರಂದು ಮುನಿಸಿಪಲ್ ಕ್ರೀಡಾಂಗಣದಲ್ಲಿ ಕೊನೆಯ ಪಂದ್ಯ. ಎದುರಾಳಿ ಸಿನ್ಸಿನಾಟಿ ಬೆಂಗಾಲ್ಸ್. ಪ್ರಾಯೋಜಕರು ಹಿಂದೆ ಸರಿದಿದ್ದರು, ಜಾಹೀರಾತು ಫಲಕಗಳು ಖಾಲಿ. ಅಂಗಣದ ಪೂರ್ವ ತುದಿಯ ಅಗ್ಗದ ಟಿಕೆಟಿನ ಬೆಂಚುಗಳನ್ನು ಹತ್ತು ವರ್ಷಗಳಿಂದ ‘ಡಾಗ್ ಪೌಂಡ್’ ಎನ್ನುತ್ತಿದ್ದರು. ಹ್ಯಾನ್‌ಫರ್ಡ್ ಡಿಕ್ಸನ್, ಫ್ರ್ಯಾಂಕ್ ಮಿನಿಫೀಲ್ಡ್ ಎಂಬ ಇಬ್ಬರು ಆಟಗಾರರು ತಮ್ಮ ಸಂಗಡಿಗರನ್ನು ಹುರಿದುಂಬಿಸಲು ಬೊಗಳತೊಡಗಿದ್ದನ್ನು ಕೇಳಿ ಅಲ್ಲಿಯ ಜನ ನಾಯಿಯ ಮುಖವಾಡ ಹಾಕಿಕೊಂಡು, ಎದುರಾಳಿಗಳತ್ತ ನಾಯಿ ಬಿಸ್ಕತ್ತು ಎಸೆಯುತ್ತ ತಾವೂ ಬೊಗಳುತ್ತಿದ್ದರು. ಆ ದಿನ ಅವರು ಬೆಂಚುಗಳನ್ನೇ ಬುಡಸಮೇತ ಕೀಳತೊಡಗಿದರು. ಕಿತ್ತ ಹಲಗೆಗಳು ಮೈದಾನಕ್ಕೆ ಬಂದು ಬೀಳುತ್ತಿದ್ದವು. ಕೊನೆಯ ಕಾಲು ಭಾಗದಲ್ಲಿ ಆಟವನ್ನು ಆ ತುದಿಯಿಂದ ಎದುರು ತುದಿಗೆ ಸರಿಸಬೇಕಾಯಿತು. ಬ್ರೌನ್ಸ್ 26–10ರಿಂದ ಗೆದ್ದಿತು. ಅಂದು ನೂರು ಗಜಕ್ಕೂ ಹೆಚ್ಚು ಓಡಿದವನು ಅರ್ನೆಸ್ಟ್ ಬೈನರ್. ಎಂಟು ವರ್ಷದ ಹಿಂದೆ, 1988ರ ಜನವರಿಯಲ್ಲಿ, ಸೂಪರ್ ಬೌಲಿಗೆ ಒಂದೇ ಗೆಲುವು ಬಾಕಿ ಇದ್ದಾಗ ಡೆನ್ವರ್ ವಿರುದ್ಧ ಗೋಲ್ ಗೆರೆಯ ಹೊಸ್ತಿಲಲ್ಲಿ ಚೆಂಡು ಕೈಜಾರಿಸಿಕೊಂಡವನೂ ಅವನೇ. ಆ ಒಂದು ಗಳಿಗೆಯನ್ನು ಊರು ಅವನಿಗೆ ಎಂದೂ ಮರೆಯಗೊಟ್ಟಿರಲಿಲ್ಲ. ಪಂದ್ಯ ಮುಗಿದ ಮೇಲೆ ಬೈನರ್ ಡಾಗ್ ಪೌಂಡಿನ ಗೋಡೆಯ ಬಳಿಗೆ ಓಡಿಹೋಗಿ, ಚಾಚಿದ ಕೈಗಳನ್ನೆಲ್ಲ ಹಿಡಿದು, ಅಳುತ್ತಿದ್ದವರನ್ನು ತಬ್ಬಿಕೊಳ್ಳುತ್ತ ಅಂಗಣದ ಸುತ್ತ ನಡೆದ.

ಕಣ್ಣೀರಿನಿಂದಷ್ಟೇ ಹೆಸರು ಉಳಿಯುತ್ತಿರಲಿಲ್ಲ. ಬಾಲ್ಟಿಮೋರಿನವರೂ ಅತ್ತಿದ್ದರು. ಕ್ಲೀವ್‌ಲ್ಯಾಂಡಿನ ಕೈಯಲ್ಲಿ ಇನ್ನೊಂದು ಹಿಡಿ ಇತ್ತು: ಕ್ರೀಡಾಂಗಣದ ಗುತ್ತಿಗೆ 1998ರ ಆಟದ ಋತುವಿನ ತನಕ ಇತ್ತು. ಮೇಯರ್ ಮೈಕೆಲ್ ವೈಟ್ ನ್ಯಾಯಾಲಯಕ್ಕೆ ಹೋಗಿ ತಡೆ ತಂದರು. ಅಭಿಮಾನಿಗಳು ಲೀಗಿನ ಕಚೇರಿಗೆ, ಇತರ ಮಾಲೀಕರಿಗೆ ಫ್ಯಾಕ್ಸುಗಳ ಮಳೆ ಸುರಿಸಿದರು. ವಾಷಿಂಗ್ಟನ್ನಿನ ಸಂಸತ್ತಿನಲ್ಲೂ ವಿಚಾರಣೆ ನಡೆಯಿತು. ಲೀಗಿನ ಕಮಿಷನರ್ ಪಾಲ್ ಟ್ಯಾಗ್ಲಿಯಾಬು ಸಂಧಾನಕ್ಕೆ ಕೂತರು. ಮಾಲೀಕರ ಮತದಾನದೊಂದಿಗೇ ಹೊರಬಂದ ರಾಜಿಪತ್ರದ ಪ್ರಕಾರ ಮೊಡೆಲ್ ತಮ್ಮ ಆಟಗಾರರನ್ನೂ ಕರಾರುಗಳನ್ನೂ ಕರೆದೊಯ್ಯಬಹುದಿತ್ತು. ಬ್ರೌನ್ಸ್ ಎಂಬ ಹೆಸರು, ಕಂದು ಮತ್ತು ಕಿತ್ತಳೆ ಬಣ್ಣ, 1946ರಿಂದ ಬಂದ ಎಲ್ಲ ದಾಖಲೆ, ಪಾರಿತೋಷಕ ಕ್ಲೀವ್‌ಲ್ಯಾಂಡಿನಲ್ಲೇ ಉಳಿಯಬೇಕು. 1999ರ ಹೊತ್ತಿಗೆ ಲೀಗ್ ಆ ಹೆಸರಿನ ತಂಡವನ್ನು ಊರಿಗೆ ಮರಳಿ ಕೊಡಬೇಕು, ಹೊಸ ಕ್ರೀಡಾಂಗಣಕ್ಕೆ ಹಣದ ನೆರವನ್ನೂ ನೀಡಬೇಕು. ಬಾಲ್ಟಿಮೋರಿಗೆ ಹೋದದ್ದು ಕಾನೂನಿನ ಕಣ್ಣಿನಲ್ಲಿ 1996ರಲ್ಲಿ ಹುಟ್ಟಿದ ಹೊಸ ತಂಡ. ಆ ಊರಿನವನೇ ಎನಿಸಿಕೊಂಡ ಎಡ್ಗರ್ ಆಲನ್ ಪೋ ಕವಿತೆಯ ಹಕ್ಕಿಯ ಹೆಸರಿನಿಂದ ಅದು ರೇವನ್ಸ್ ಆಯಿತು.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ತಂಡವೆಂದರೆ ಆಡುವ ಮನುಷ್ಯರಲ್ಲವೇ? ಅವರೆಲ್ಲ ಬಾಲ್ಟಿಮೋರಿಗೆ ಹೋದರು, 2001ರ ಜನವರಿಯಲ್ಲಿ ಜಯಂಟ್ಸ್ ವಿರುದ್ಧ 34–7ರಿಂದ ಸೂಪರ್ ಬೌಲನ್ನೂ ಗೆದ್ದರು. ಕ್ಲೀವ್‌ಲ್ಯಾಂಡಿಗೆ ಸಿಕ್ಕಿದ್ದು ಹೆಸರಿನ ಸಿಪ್ಪೆ ಮಾತ್ರ ಎನ್ನುತ್ತಾರೆ. ಲೆಕ್ಕ ನೋಡಿದರೆ ಈ ಮಾತು ನಿಲ್ಲುವುದಿಲ್ಲ. 1995ರಲ್ಲಿ ಬ್ರೌನ್ಸ್ ಗೆದ್ದದ್ದು ಐದು, ಸೋತದ್ದು ಹನ್ನೊಂದು. ಸೂಪರ್ ಬೌಲ್ ಗೆದ್ದ ರೇವನ್ಸ್‌ನಲ್ಲಿ ಮ್ಯಾಟ್ ಸ್ಟೋವರ್, ರಾಬ್ ಬರ್ನೆಟ್‌ರಂತಹ ಕೈಬೆರಳೆಣಿಕೆಯ ಹಳಬರು ಬಿಟ್ಟರೆ ಉಳಿದವರೆಲ್ಲ ಹೊಸಬರು. ಅದರ ಬೆನ್ನೆಲುಬಾದ ರೇ ಲೂಯಿಸ್, ಜೊನಾಥನ್ ಆಗ್ಡನ್ ಇಬ್ಬರೂ 1996ರಲ್ಲಿ ಬಾಲ್ಟಿಮೋರಿಗೇ ಆಯ್ಕೆಯಾದವರು. ಅವರನ್ನು ಆರಿಸಿದವರು ಓಝೀ ನ್ಯೂಸಮ್. ಆಟಗಾರನಾಗಿ ನ್ಯೂಸಮ್ ಕ್ಲೀವ್‌ಲ್ಯಾಂಡಿನಲ್ಲಿ ಹಿಡಿದ 662 ಚೆಂಡುಗಳು ಬ್ರೌನ್ಸ್ ಪುಸ್ತಕದಲ್ಲಿವೆ, ಅಧಿಕಾರಿಯಾಗಿ ಕಟ್ಟಿದ ಚಾಂಪಿಯನ್ ತಂಡ ಬಾಲ್ಟಿಮೋರಿನ ಪುಸ್ತಕದಲ್ಲಿದೆ. ಒಬ್ಬನೇ ಮನುಷ್ಯನ ದುಡಿಮೆ ಎರಡು ಊರಿನ ಚರಿತ್ರೆಯಲ್ಲಿ ಎಲ್ಲಿ ಸಲ್ಲಬೇಕೋ ಅಲ್ಲಿ ಸಂದಿದೆ, ಯಾರಿಗೂ ಅನ್ಯಾಯವಾಗಿಲ್ಲ. ಆಟಗಾರರು ಬರುತ್ತಾರೆ, ಹೋಗುತ್ತಾರೆ. ಅವರೇ ತಂಡವೆನ್ನುವುದಾದರೆ ಯಾವ ತಂಡವೂ ಹತ್ತು ವರ್ಷ ಬಾಳದು.

1999ರ ಸೆಪ್ಟೆಂಬರ್ 12ರಂದು, ಹಳೆಯ ಅಂಗಣ ಕೆಡವಿದ ಅದೇ ಸರೋವರದ ದಂಡೆಯಲ್ಲಿ, ಹೊಸ ಬ್ರೌನ್ಸ್ ಮೊದಲ ಪಂದ್ಯ ಆಡಿತು. ಲೀಗ್ ಎದುರಾಳಿಯಾಗಿ ಆರಿಸಿದ್ದು ಸ್ಟೀಲರ್ಸ್ ತಂಡವನ್ನೇ. 43–0ರಿಂದ ಸೋಲು. ಎರಡು ತಿಂಗಳ ಮೇಲೆ ಪಿಟ್ಸ್‌ಬರ್ಗಿನಲ್ಲಿ ಮತ್ತೆ ಎದುರಾದಾಗ ಸಮಯ ಮುಗಿಯುತ್ತಿದ್ದಂತೆ ಫಿಲ್ ಡಾಸನ್ ಒದ್ದ ಚೆಂಡಿನಿಂದ ಬ್ರೌನ್ಸ್ 16–15ರಿಂದ ಗೆದ್ದಿತು. ಆ ವರ್ಷ ಒಟ್ಟು ಗೆದ್ದದ್ದೇ ಎರಡು, ಅದರಲ್ಲಿ ಒಂದು ಇದು. ಆಟಗಾರರಲ್ಲಿ ಬಹುಪಾಲು ಮಂದಿಗೆ ಪಿಟ್ಸ್‌ಬರ್ಗಿನ ಮೇಲೆ ಸ್ವಂತದ ದ್ವೇಷ ಇರಲು ಸಾಧ್ಯವೇ ಇರಲಿಲ್ಲ. ತೊಟ್ಟ ಅಂಗಿಯ ಜೊತೆಗೆ ಅದೂ ಮೈಮೇಲೆ ಬಂದಿತ್ತು. ಆಮೇಲಿನ ವರ್ಷಗಳು ಕಷ್ಟದವು. 2016ರಲ್ಲಿ ಹದಿನಾರರಲ್ಲಿ ಒಂದು ಗೆಲುವು, 2017ರಲ್ಲಿ ಅದೂ ಇಲ್ಲ. ಹದಿನಾರೂ ಸೋತ ತಂಡಕ್ಕಾಗಿ ಜನವರಿಯ ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಅಂಗಣದ ಸುತ್ತ ಮೆರವಣಿಗೆ ಮಾಡಿ ಸಿಟ್ಟು ತೋರಿಸಿದರು. ಬೇರೆ ತಂಡ ನೋಡಿಕೊಳ್ಳುತ್ತೇವೆ ಎಂದು ಅವರು ಹೇಳಲಿಲ್ಲ. 2021ರ ಜನವರಿ 10ರಂದು ಪ್ಲೇಆಫ್ ಪಂದ್ಯದಲ್ಲಿ ಬ್ರೌನ್ಸ್ ಪಿಟ್ಸ್‌ಬರ್ಗಿಗೆ ಹೋಯಿತು. ಪಂದ್ಯಕ್ಕೆ ಮೊದಲು ಸ್ಟೀಲರ್ಸ್ ಆಟಗಾರನೊಬ್ಬ ಬ್ರೌನ್ಸ್ ಎಂದಿದ್ದರೂ ಬ್ರೌನ್ಸೇ ಎಂಬರ್ಥದಲ್ಲಿ ಹಗುರವಾಗಿ ಮಾತಾಡಿದ್ದ. ಮೊದಲ ಕಾಲು ಭಾಗದಲ್ಲೇ 28–0 ಮುಂದೆ ಹೋದ ಬ್ರೌನ್ಸ್ 48–37ರಿಂದ ಗೆದ್ದಿತು. 1995ರ ಮೊದಲ ದಿನ ನ್ಯೂ ಇಂಗ್ಲೆಂಡ್ ತಂಡವನ್ನು ಸೋಲಿಸಿದ ಮೇಲೆ ಇದೇ ಮೊದಲ ಪ್ಲೇಆಫ್ ಗೆಲುವು ಎಂದು ದೇಶದ ಎಲ್ಲ ಪತ್ರಿಕೆಗಳೂ ಬರೆದವು. ತಂಡವೇ ಇಲ್ಲದ ಮೂರು ವರ್ಷಗಳನ್ನು ದಾಟಿ ಲೆಕ್ಕ ಹಿಡಿದವರು ಯಾರೂ ಅದರಲ್ಲಿ ತಪ್ಪು ಕಾಣಲಿಲ್ಲ. ಹಂಗಿಸಿದ ಆ ಎದುರಾಳಿಯೂ ಎರಡು ದಶಕದ ಹಿಂದೆ ಹುಟ್ಟಿದ ತಂಡವನ್ನು ಹಂಗಿಸಲಿಲ್ಲ, ಹಳೆಯ ಬ್ರೌನ್ಸನ್ನೇ ಹಂಗಿಸಿದ.

ಹೆಸರು ಕಳೆದುಕೊಂಡ ಊರು ಹೇಗಿರುತ್ತದೆ ಎಂದು ತಿಳಿಯಲು ಹ್ಯೂಸ್ಟನ್ ಕಡೆ ನೋಡಬೇಕು. 1960ರಿಂದ ಅಲ್ಲಿದ್ದ ಆಯಿಲರ್ಸ್ ತಂಡವನ್ನು ಬಡ್ ಆಡಮ್ಸ್ 1997ರಲ್ಲಿ ಟೆನೆಸಿಗೆ ಒಯ್ದಾಗ ಕ್ಲೀವ್‌ಲ್ಯಾಂಡಿಗೆ ಸಿಕ್ಕಂತಹ ಒಪ್ಪಂದ ಹ್ಯೂಸ್ಟನ್‌ಗೆ ಸಿಗಲಿಲ್ಲ. ತಂಡ 1999ರಲ್ಲಿ ಟೈಟನ್ಸ್ ಎಂದು ಹೆಸರು ಬದಲಿಸಿಕೊಂಡಿತು, ಹಳೆಯ ಹೆಸರು, ದಾಖಲೆ ಎಲ್ಲವನ್ನೂ ಬೀರುವಿನಲ್ಲಿಟ್ಟುಕೊಂಡಿತು. 2002ರಲ್ಲಿ ಹ್ಯೂಸ್ಟನ್‌ಗೆ ಟೆಕ್ಸನ್ಸ್ ಎಂಬ ಹೊಸ ತಂಡ ಬಂತು. 2023ರ ಡಿಸೆಂಬರಿನಲ್ಲಿ ಟೆಕ್ಸನ್ಸ್ ನ್ಯಾಶ್‌ವಿಲ್‌ಗೆ ಆಡಲು ಹೋದಾಗ ಟೈಟನ್ಸ್ ಆಟಗಾರರು ಮೈದಾನಕ್ಕಿಳಿದದ್ದು ಆಯಿಲರ್ಸ್‌ನ ತಿಳಿನೀಲಿ ಅಂಗಿ ತೊಟ್ಟು. ತಮ್ಮ ಬಾಲ್ಯದ ಬಣ್ಣವನ್ನು ಬೇರೆ ಊರಿನವರು ತೊಟ್ಟು ತಮ್ಮ ತಂಡದ ಎದುರೇ ಆಡುವುದನ್ನು ಹ್ಯೂಸ್ಟನ್ನಿನ ಹಿರಿಯ ಅಭಿಮಾನಿಗಳು ನೋಡಬೇಕಾಯಿತು. ಅಂದು ಹ್ಯೂಸ್ಟನ್ ಗೆದ್ದಿತು. ಆ ಅಂಗಿ ಮಾತ್ರ ಟೆನೆಸಿಯಲ್ಲೇ ಉಳಿದಿದೆ.

ಕ್ಲೀವ್‌ಲ್ಯಾಂಡ್ ತೆತ್ತ ಬೆಲೆ ಸಣ್ಣದಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ಣ ಉತ್ತರವಿಲ್ಲ. 1950ರಲ್ಲಿ ಒಂಬತ್ತು ಲಕ್ಷ ದಾಟಿದ್ದ ನಗರದ ಜನಸಂಖ್ಯೆ 1990ರಲ್ಲಿ ಐದು ಲಕ್ಷದ ಆಸುಪಾಸಿಗೆ ಇಳಿದಿತ್ತು. 1995ರಲ್ಲೇ ನಗರದ ಶಾಲೆಗಳು ದಿವಾಳಿಯ ಅಂಚಿಗೆ ಬಂದು, ನ್ಯಾಯಾಲಯ ಅವುಗಳ ಆಡಳಿತವನ್ನು ರಾಜ್ಯಕ್ಕೆ ಒಪ್ಪಿಸಿತ್ತು. ಅಂಥ ಊರು 28 ಕೋಟಿ ಡಾಲರ್ ದಾಟಿದ ಹೊಸ ಕ್ರೀಡಾಂಗಣಕ್ಕೆ ಬಹುಪಾಲು ಸಾರ್ವಜನಿಕ ಹಣ ಸುರಿಯಿತು. ತಂಡವನ್ನು 1998ರಲ್ಲಿ 53 ಕೋಟಿ ಡಾಲರಿಗೆ ಕೊಂಡವರು ಆಲ್ ಲರ್ನರ್. ಮೊಡೆಲ್‌ರ ಪಾಲುದಾರರಾಗಿದ್ದವರು, ಬಾಲ್ಟಿಮೋರ್ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಇವರ ವಿಮಾನದಲ್ಲಿ. ಹೀಗಿರುವಾಗ ಜನ ಗೆದ್ದರು ಎನ್ನುವುದು ಹೇಗೆ ಎಂದು ಕೇಳಿದರೆ, ಹಣದ ಲೆಕ್ಕದಲ್ಲಿ ಗೆದ್ದವರು ಮಾಲೀಕರೇ ಎಂದು ಒಪ್ಪುತ್ತೇನೆ. ವಿಸ್ಕಾನ್ಸಿನ್‌ನ ಗ್ರೀನ್ ಬೇ ಎಂಬ ಪುಟ್ಟ ಊರಿನ ಪ್ಯಾಕರ್ಸ್ 1923ರಿಂದ ಜನರದೇ ಷೇರಿನ ತಂಡ. ಲಾಭಾಂಶ ಇಲ್ಲ, ಮಾರಿ ದುಡ್ಡು ಮಾಡಿಕೊಳ್ಳುವ ದಾರಿ ಇಲ್ಲ, ಆದ್ದರಿಂದ ಊರು ಬಿಡುವ ಮಾತೂ ಇಲ್ಲ. ಅಂಥ ಒಡೆತನಕ್ಕೆ ಲೀಗ್ ಈಗ ಬೇರೆ ಯಾವ ಊರಿಗೂ ಅವಕಾಶ ಕೊಡುವುದಿಲ್ಲ. ಗ್ರೀನ್ ಬೇ ಪಡೆದದ್ದರ ಅರ್ಧವನ್ನಷ್ಟೇ ಕ್ಲೀವ್‌ಲ್ಯಾಂಡ್ ಪಡೆಯಿತು. ಆ ಅರ್ಧವೂ ಬೇರೆಯವರಿಗೆ ಸಿಕ್ಕಿಲ್ಲ.

ಮೊಡೆಲ್ 2012ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆ ವಾರ ಉಳಿದ ಅಂಗಣಗಳಲ್ಲಿ ಮೌನಾಚರಣೆ ನಡೆಯಿತು. ಕ್ಲೀವ್‌ಲ್ಯಾಂಡಿನಲ್ಲಿ ಬೇಡವೆಂದು ಅವರ ಕುಟುಂಬದವರೇ ಕೇಳಿಕೊಂಡರು. ಅವರ ಹೆಸರು ಓಹಯೋದ ಕಾನೂನಿನಲ್ಲಿ ಬೇರೆ ರೀತಿಯಲ್ಲಿ ಉಳಿದಿದೆ. ತೆರಿಗೆ ಹಣದ ನೆರವು ಪಡೆದ ತಂಡ ಊರು ಬಿಡುವ ಮೊದಲು ಆರು ತಿಂಗಳ ನೋಟಿಸ್ ಕೊಡಬೇಕು, ಸ್ಥಳೀಯರಿಗೆ ಕೊಳ್ಳುವ ಅವಕಾಶ ಕೊಡಬೇಕು ಎಂದು 1996ರಲ್ಲಿ ರಾಜ್ಯ ಮಾಡಿದ ಕಾನೂನನ್ನು ಜನ ‘ಮೊಡೆಲ್ ಕಾನೂನು’ ಎಂದೇ ಕರೆಯುತ್ತಾರೆ. 2018ರಲ್ಲಿ ಕೊಲಂಬಸ್ ನಗರದ ಸಾಕರ್ ತಂಡ ಕ್ರೂ ಟೆಕ್ಸಸ್‌ಗೆ ಹೋಗದಂತೆ ತಡೆಯಲು ಆ ಕಾನೂನನ್ನು ಹಿಡಿದು ಮೊಕದ್ದಮೆ ಹೂಡಲಾಯಿತು. ಕೊನೆಗೆ ತಂಡ ಉಳಿಯಿತು. ಅದನ್ನು ಕೊಂಡವರಲ್ಲಿ ಹ್ಯಾಸ್ಲಮ್ ಕುಟುಂಬದವರೂ ಇದ್ದರು, 2012ರಿಂದ ಬ್ರೌನ್ಸ್ ಮಾಲೀಕರೂ ಅವರೇ. ಅವರು ಬ್ರೌನ್ಸ್ ತಂಡವನ್ನು ಸರೋವರದ ದಂಡೆಯಿಂದ ವಿಮಾನ ನಿಲ್ದಾಣದ ಪಕ್ಕದ ಬ್ರೂಕ್ ಪಾರ್ಕ್ ಎಂಬ ಉಪನಗರಕ್ಕೆ ಸಾಗಿಸಲು ಹೊರಟಾಗ ಕ್ಲೀವ್‌ಲ್ಯಾಂಡ್ ನಗರ ಅದೇ ಕಾನೂನನ್ನು ಮುಂದಿಟ್ಟಿತು. 2025ರ ಜೂನ್ ತಿಂಗಳ ರಾಜ್ಯ ಬಜೆಟ್‌ನಲ್ಲಿ ಹೊಸ ಅಂಗಣಕ್ಕೆ 60 ಕೋಟಿ ಡಾಲರ್ ನೀಡಿದ ಶಾಸಕರು, ರಾಜ್ಯವನ್ನೇ ಬಿಟ್ಟುಹೋಗುವ ತಂಡಕ್ಕಷ್ಟೇ ಆ ಕಾನೂನು ಅನ್ವಯಿಸುತ್ತದೆ ಎಂದು ತಿದ್ದುಪಡಿ ತಂದರು. ಅಕ್ಟೋಬರಿನಲ್ಲಿ ನಗರ ಸುಮಾರು 10 ಕೋಟಿ ಡಾಲರಿನ ರಾಜಿಗೆ ಒಪ್ಪಿತು. ಹೆಸರನ್ನು ಕಾಯುವ ಕಾಗದ ಹಾಗೇ ಇದೆ, ಜಾಗವನ್ನು ಕಾಯುವ ಕಾನೂನು ಸಡಿಲವಾಯಿತು. ಪಿಟ್ಸ್‌ಬರ್ಗಿನವರು ಮುಂದೆ ವರ್ಷಕ್ಕೊಮ್ಮೆ ಬಂದು ಆಡುವುದು ಬ್ರೂಕ್ ಪಾರ್ಕಿನ ಚಾವಣಿ ಇರುವ ಅಂಗಣದಲ್ಲಿ.